ಅಳೆದು ಸುರಿದು ಹೊಡೆದರೂ ಗುಂಪು ಕೂರುತ್ತಿಲ್ಲ: ಮೂತಿಯಿಂದ ಮದ್ದು ತುಂಬುವ ರೈಫಲ್‌ನ ಲೆಕ್ಕ

ಕೋಥ್ರೂಡ್ ಲೆಕ್ಕಿಗ · ಶನಿವಾರ, ರಾತ್ರಿ 9:40

ಪುಣೆ, ಮುಂಬೈ, ಗೋವಾ ಕಡೆಯ ಕನ್ನಡಿಗರಲ್ಲಿ ಕೋವಿ ವಿಷಯ ಗೊತ್ತಿರುವವರು ಇದ್ದೀರಾ? ನನಗೊಂದು ಲೆಕ್ಕ ಬಿಡಿಸಿಕೊಡಿ.

ನನ್ನ ತಮ್ಮ ಅಮೆರಿಕದ ಓಹಾಯೋದಲ್ಲಿದ್ದಾನೆ. ಅಲ್ಲಿ ಜನವರಿಯಲ್ಲಿ ಕೆಲವು ದಿನ ಮೂತಿಯಿಂದ ತುಂಬುವ ಕೋವಿಯಲ್ಲೇ ಜಿಂಕೆ ಬೇಟೆಗೆ ಅನುಮತಿ ಇರುತ್ತದೆ. ಅದಕ್ಕೆಂದು ಅವನು ಈಗಿನ ಕಾಲದ ಇನ್‌ಲೈನ್ ರೈಫಲ್ ಕೊಂಡಿದ್ದಾನೆ. 0.50 ಇಂಚಿನ ನಳಿಗೆ. ಒಳಗಿನ ತಿರುಪು (ಗುಂಡನ್ನು ತಿರುಗಿಸುವ ಸುರುಳಿ ಗೆರೆ) 28 ಇಂಚಿಗೆ ಒಂದು ಸುತ್ತು. ಹಿಂದುಗಡೆ 209 ಪ್ರೈಮರ್, ಅಂದರೆ ಮದ್ದಿಗೆ ಕಿಡಿ ಕೊಡುವ ಕೇಪು. ಗಂಧಕವಿಲ್ಲದ ಬದಲಿ ಮದ್ದು. ಗುಂಡು 250 ಗ್ರೇನ್ ತೂಕ, 0.45 ಇಂಚಿನದು, ಪ್ಲಾಸ್ಟಿಕ್ ಸ್ಯಾಬೊ ಒಳಗೆ ಕೂತಿರುತ್ತದೆ. (ಸ್ಯಾಬೊ ಅಂದರೆ ನಾಲ್ಕು ಎಸಳಿನ ಪುಟ್ಟ ದೊನ್ನೆ ಅಂದುಕೊಳ್ಳಿ. ನಳಿಗೆಯಿಂದ ಹೊರಬಿದ್ದ ಕೂಡಲೇ ಎಸಳು ಬಿಚ್ಚಿಕೊಂಡು ಹಿಂದೆ ಉಳಿಯುತ್ತದೆ, ಗುಂಡು ಮಾತ್ರ ಮುಂದೆ ಹೋಗುತ್ತದೆ.)

ಹೊಡೆಯುವುದು ಅವನು, ಲೆಕ್ಕ ಇಡುವುದು ನಾನು. ಗುರಿಹಾಳೆಯ ಫೋಟೊ ಕಳಿಸುತ್ತಾನೆ, ನಾನು ಇಲ್ಲಿ ಕೂತು ಅಳೆದು ಎಕ್ಸೆಲ್‌ಗೆ ಹಾಕುತ್ತೇನೆ. 100 ಗಜ ದೂರ, ಒಂದೊಂದು ಅಳತೆಗೆ ಮೂರು ಮೂರು ಗುಂಡು. ಅತಿ ದೂರದ ಎರಡು ತೂತುಗಳ ನಡುವಿನ ಅಂತರ (ಇದೇ ಗುಂಪಿನ ಅಳತೆ) ಹೀಗೆ ಬಂತು: 80 ಗ್ರೇನ್ ಮದ್ದಿಗೆ 2.6 ಇಂಚು, 90ಕ್ಕೆ 1.9, 100ಕ್ಕೆ 1.1.

ನೋಡಿದ ಕೂಡಲೇ "100 ಗೆದ್ದಿತು, ಇನ್ನು ಅದನ್ನೇ ಹಾಕು" ಎಂದು ತಮ್ಮನಿಗೆ ಫೋನ್ ಮಾಡಿಬಿಟ್ಟೆ. ಮುಂದಿನ ವಾರ ಅದೇ 100 ಗ್ರೇನ್, ಅದೇ ಗುಂಡು, ಅದೇ ಮನುಷ್ಯ. ಬಂದದ್ದು 3.2 ಇಂಚು. ಮದ್ದು ಕೆಟ್ಟಿತಾ? ಥಂಡಿ ಹಿಡಿಯಿತಾ? ಅಥವಾ ನನ್ನ ತಮ್ಮನೇ ಕೆಟ್ಟನಾ?

ಡೊಂಬಿವಲಿ ಫಾಸ್ಟ್ · ಶನಿವಾರ, ರಾತ್ರಿ 9:58

ಮಾರಾಯ್ರೇ, ಶೀರ್ಷಿಕೆಯಲ್ಲಿ "ಮದ್ದು" ಅಂತ ನೋಡಿ ಕೆಮ್ಮಿನ ವಿಷಯ ಅಂದುಕೊಂಡು ಒಳಗೆ ಬಂದೆ. ನಮ್ಮ ಉಡುಪಿ ಕಡೆ ಮದ್ದು ಅಂದರೆ ಡಾಕ್ಟರ್ ಕೊಡುವುದು. ಬಂದಾಗಿದೆ, ಕೂತುಕೊಳ್ಳುತ್ತೇನೆ. ಕಲ್ಯಾಣ್ ಲೋಕಲ್ ಹೇಗೂ ನಿಂತಿದೆ.

ಚಿಂಚವಡ ಗೇಜ್ · ಶನಿವಾರ, ರಾತ್ರಿ 10:25

ನಾನು ಕೋವಿ ಮುಟ್ಟಿದವನಲ್ಲ. ವಾಹನದ ಬಿಡಿಭಾಗ ಮಾಡುವ ಕಾರ್ಖಾನೆಯಲ್ಲಿ ಗುಣಮಟ್ಟ ನೋಡುವವನು. ಆದರೆ ನಿಮ್ಮ ರೋಗ ನನಗೆ ಚೆನ್ನಾಗಿ ಗೊತ್ತು. ಮೂರು ಪಿನ್ ಅಳೆದು ಇಡೀ ಲಾಟ್ ಪಾಸ್ ಮಾಡುವ ರೋಗ ಅದು.

ಮೂರು ಗುಂಡಿನ ಗುಂಪು ಅಂದರೆ ಸುಮ್ನೆ ಮೂರು ಚುಕ್ಕೆ. ಅದರಲ್ಲೂ ನೀವು ಅಳೆಯುವುದು ಅತಿ ಕೆಟ್ಟ ಎರಡರ ಅಂತರ ಮಾತ್ರ. ಗುಂಡುಗಳು ಸಹಜವಾಗಿ ಚದುರುತ್ತವೆ ಅನ್ನಿ. ಆ ಚದುರುವಿಕೆಯ ಮೂಲ ಅಳತೆಯನ್ನು ಒಂದು ಅಂತ ಇಟ್ಟುಕೊಂಡರೆ ಮೂರು ಗುಂಡಿನ ಗುಂಪು ಸರಾಸರಿ 2.4ರಷ್ಟು ಬರುತ್ತದೆ. ಐದು ಗುಂಡಿಗೆ 3.1, ಹತ್ತು ಗುಂಡಿಗೆ 3.8. ಅಂದರೆ ಕೋವಿ ಒಂದಿಷ್ಟೂ ಬದಲಾಗದೆ, ಬರೀ ಗುಂಡಿನ ಸಂಖ್ಯೆ ಹೆಚ್ಚಿಸಿದರೇ ಗುಂಪು ಒಂದೂವರೆ ಪಟ್ಟು ದೊಡ್ಡದಾಗುತ್ತದೆ. ಮೂರು ಗುಂಡಿನ ಚಿತ್ರ ಹಾಕಿ "ನನ್ನ ರೈಫಲ್ ಒಂದು ಇಂಚಿನದು" ಅನ್ನುವವರೆಲ್ಲ ಈ ರಿಯಾಯಿತಿಯಲ್ಲೇ ಬದುಕುತ್ತಿದ್ದಾರೆ.

ಇನ್ನೊಂದು ತಮಾಷೆ. ನಿಮಗಾಗಿ ಈಗಷ್ಟೇ ಎಕ್ಸೆಲ್‌ನಲ್ಲಿ ಸುಳ್ಳು ಕೋವಿಯೊಂದನ್ನು ಹೊಡೆಸಿದೆ. ಯಾವುದೂ ಬದಲಾಗದ ಕೋವಿ. ಮೂರು ಮೂರು ಗುಂಡಿನ ಗುಂಪಿನ ಸರಾಸರಿ 2.2 ಇಂಚು ಬರುವಂತೆ ಇಟ್ಟೆ. ಒಂದೊಂದೇ ಗುಂಪು ನೋಡಿದರೆ 1ರ ಹತ್ತಿರವೂ ಬಂತು, 3 ದಾಟಿಯೂ ಹೋಯಿತು. ನಿಮ್ಮ ನಾಲ್ಕು ಅಂಕಿಗಳ ಸರಾಸರಿ ಎಷ್ಟು? 2.6, 1.9, 1.1, 3.2. ಕೂಡಿಸಿ ನಾಲ್ಕರಿಂದ ಭಾಗಿಸಿ. 2.2.

ಮದ್ದೂ ಕೆಟ್ಟಿಲ್ಲ, ತಮ್ಮನೂ ಕೆಟ್ಟಿಲ್ಲ. 80, 90, 100ರ ನಡುವೆ ವ್ಯತ್ಯಾಸ ಇದೆ ಅನ್ನುವುದಕ್ಕೇ ನಿಮ್ಮ ಹತ್ತಿರ ಸಾಕ್ಷಿ ಇಲ್ಲ.

ಕೋಥ್ರೂಡ್ ಲೆಕ್ಕಿಗ · ಶನಿವಾರ, ರಾತ್ರಿ 10:41

ಅಯ್ಯೋ. ನಾನು ಮೂರು ಬಣ್ಣದಲ್ಲಿ ಗ್ರಾಫ್ ಬೇರೆ ಹಾಕಿದ್ದೆ.

ಬಾಲೇವಾಡಿ ಬೆಂಚು · ಭಾನುವಾರ, ಬೆಳಿಗ್ಗೆ 7:10

ಗೇಜ್ ಅವರು ಹೇಳಿದ್ದು ಸರಿ, ಆದರೆ ಅಂಕಿಯಷ್ಟೇ ಅಲ್ರೀ. ನಾನು ಹುಬ್ಬಳ್ಳಿಯವಳು, ಹನ್ನೊಂದು ವರ್ಷದಿಂದ ಬಾಲೇವಾಡಿ ರೇಂಜ್‌ನಲ್ಲಿ 0.22 ರೈಫಲ್ ಹೊಡೆಯುತ್ತಿದ್ದೇನೆ. ಪ್ಯಾರಿಸ್‌ನಲ್ಲಿ 2024ರಲ್ಲಿ ಕಂಚು ತಂದ ಸ್ವಪ್ನಿಲ್ ಕುಸಾಳೆ ಅಭ್ಯಾಸ ಮಾಡಿದ ಜಾಗ ಇದು. ಅವರ ಆಟ 50 ಮೀಟರಿನದು. ಅಲ್ಲಿ ಹತ್ತರ ವೃತ್ತದ ಅಡ್ಡಳತೆ 10.4 ಮಿಲಿಮೀಟರ್. ನಮ್ಮ ಹಳೆಯ ಒಂದು ಪೈಸೆ ನಾಣ್ಯಕ್ಕಿಂತ ಚಿಕ್ಕದು.

ಈ ಮಟ್ಟದಲ್ಲಿ ಒಂದೇ ಕಂಪನಿ, ಒಂದೇ ಹೆಸರಿನ ಕಾಡತೂಸು ಆದರೂ ಲಾಟ್ ಬದಲಾದರೆ ಗುಂಪು ಬದಲಾಗುತ್ತದೆ. ಅದಕ್ಕೇ ದೊಡ್ಡ ಆಟಗಾರರು ಜರ್ಮನಿಗೋ ಇಂಗ್ಲೆಂಡಿಗೋ ರೈಫಲ್ ಒಯ್ದು ಲಾಟ್ ಪರೀಕ್ಷೆ ಮಾಡಿಸುತ್ತಾರೆ. ಅಲ್ಲಿ ರೈಫಲನ್ನು ಭುಜಕ್ಕೆ ಕೊಡುವುದಿಲ್ಲ, ಕಬ್ಬಿಣದ ಇಕ್ಕಳಕ್ಕೆ ಕೊಡುತ್ತಾರೆ. ಯಾಕೆ ಅಂದರೆ ಮನುಷ್ಯನನ್ನು ಲೆಕ್ಕದಿಂದ ತೆಗೆಯಬೇಕು.

ನಿಮ್ಮ ತಮ್ಮನಿಗೆ ಇಕ್ಕಳ ಇಲ್ಲ. ಹಾಗಾಗಿ ಮೂರು ಪ್ರಶ್ನೆ. ರೈಫಲ್‌ನ ಯಾವ ಭಾಗ ಮರಳಚೀಲದ ಮೇಲೆ ಕೂರುತ್ತದೆ, ಮರವೋ ನಳಿಗೆಯೋ? ನಳಿಗೆ ಕೂತಿದ್ದರೆ ಪ್ರತಿ ಸಲ ಗುಂಡು ಬೇರೆ ಕಡೆ ಹೋಗುತ್ತದೆ. ಎರಡು, ಯಾವ ಕ್ರಮದಲ್ಲಿ ಹೊಡೆದ? ಮೊದಲು 80, ಆಮೇಲೆ 90, ಕೊನೆಗೆ 100 ಅಂತಲೇ? ಮೂರು, ಎರಡು ಗುಂಡಿನ ನಡುವೆ ನಳಿಗೆಗೆ ಏನು ಮಾಡಿದ?

ಮಾಟುಂಗಾ ಫಿಲ್ಟರ್ · ಭಾನುವಾರ, ಬೆಳಿಗ್ಗೆ 8:32

ಈ ಗುಂಪಿನಲ್ಲಿ ಬಾಡಿಗೆ ಮನೆ, ಸಂಕ್ರಾಂತಿ ಕಾರ್ಯಕ್ರಮ, ಮಕ್ಕಳಿಗೆ ಕನ್ನಡ ಕಲಿಸುವುದು ಇಂಥದ್ದು ಮಾತಾಡುತ್ತಿದ್ದೆವು. ಈಗ ಕೋವಿ, ಮದ್ದು. ಇದನ್ನು ಓದಿ ಯಾರಾದರೂ ಹುಡುಗರು ಪ್ರಯೋಗ ಮಾಡಿದರೆ?

ಕೋಥ್ರೂಡ್ ಲೆಕ್ಕಿಗ · ಭಾನುವಾರ, ಬೆಳಿಗ್ಗೆ 9:05

ನ್ಯಾಯವಾದ ಮಾತು. ಇಲ್ಲಿ ಯಾರೂ ಏನೂ ಪ್ರಯೋಗ ಮಾಡುತ್ತಿಲ್ಲ. ನಮ್ಮಲ್ಲಿ ಮೂತಿಯಿಂದ ತುಂಬುವ ಹಳೆಯ ಕೋವಿಗೂ 1959ರ ಶಸ್ತ್ರಾಸ್ತ್ರ ಕಾಯ್ದೆ ಪ್ರಕಾರ ಪರವಾನಗಿ ಬೇಕು. ಬೇಟೆಯಂತೂ 1972ರ ವನ್ಯಜೀವಿ ಕಾಯ್ದೆ ಬಂದ ಮೇಲೆ ಮುಗಿದ ಕಥೆ. ಹೊಡೆಯುವುದೆಲ್ಲ ಓಹಾಯೋದಲ್ಲಿ, ಕ್ಲಬ್‌ನ ರೇಂಜ್‌ನಲ್ಲಿ. ಪುಣೆಯಲ್ಲಿ ನನ್ನ ಕೈಯಲ್ಲಿರುವುದು ಸ್ಕೇಲು ಮಾತ್ರ.

ಬೆಂಚು ಅವರಿಗೆ: ತಮ್ಮನನ್ನು ಎಬ್ಬಿಸಿ ಕೇಳಿದೆ. ಮರವೇ ಚೀಲದ ಮೇಲಿತ್ತು. ಕ್ರಮ 80, 90, 100 ಅಂತಲೇ. ಮೊದಲ ವಾರ ನಡುವೆ ಏನೂ ಒರೆಸಿಲ್ಲ. ಎರಡನೇ ವಾರ ಯಾರೋ ಹೇಳಿದರೆಂದು ಪ್ರತಿ ಗುಂಡಿನ ನಂತರ ಒದ್ದೆ ಬಟ್ಟೆ ಹಾಕಿ ಒರೆಸಿದನಂತೆ. ಇದನ್ನು ನನಗೆ ಹೇಳಿಯೇ ಇರಲಿಲ್ಲ!

ಬಾಲೇವಾಡಿ ಬೆಂಚು · ಭಾನುವಾರ, ಬೆಳಿಗ್ಗೆ 9:20

ಹಾಂ. ಹಾಗಾದರೆ ನೀವು 100ನ್ನು 100ಕ್ಕೆ ಹೋಲಿಸಲೇ ಇಲ್ಲ. ಕೊಳೆ ನಳಿಗೆಯ 100ನ್ನು ಒದ್ದೆ ನಳಿಗೆಯ 100ಕ್ಕೆ ಹೋಲಿಸಿದ್ದೀರಿ.

ಮಡಿಕೇರಿಯಿಂದ ಮಡಗಾಂವ್ · ಭಾನುವಾರ, ಮಧ್ಯಾಹ್ನ 1:15

ಊಟ ಮುಗಿಸಿ ಓದಿದೆ. ಈ ವಿಷಯದಲ್ಲಿ ಸುಮ್ಮನಿರಲು ನನ್ನಿಂದ ಆಗುವುದಿಲ್ಲ.

ನಮ್ಮ ಅಜ್ಜನ ಕೋವಿಯ ಕಾಗದದಲ್ಲಿ ಎಸ್‌ಬಿಎಂಎಲ್ ಅಂತ ಇತ್ತು. ಒಂಟಿ ನಳಿಗೆ, ಮೂತಿಯಿಂದ ತುಂಬುವುದು. ಕೊಡವರಿಗೆ ಕೋವಿಯ ವಿಷಯದಲ್ಲಿ ಬ್ರಿಟಿಷರ ಕಾಲದಿಂದ ವಿನಾಯಿತಿ ಇದೆ, ಅದನ್ನು ಈಗ 2029ರವರೆಗೆ ಮುಂದುವರಿಸಿದ್ದಾರೆ. ಕೈಲ್‌ಪೊಳ್ದ್ ಹಬ್ಬಕ್ಕೆ ಕೋವಿಗೆ ಹೂವಿಟ್ಟು ಪೂಜೆ, ಆಮೇಲೆ ತೆಂಗಿನಕಾಯಿಗೆ ಗುರಿ ಹೊಡೆಯುವ ಪಂದ್ಯ.

ಅಜ್ಜ ಮದ್ದು ಅಳೆಯುತ್ತಿದ್ದದ್ದು ಬಿದಿರಿನ ಒಂದು ತುಂಡಿನಲ್ಲಿ. ತಕ್ಕಡಿ ಗಿಕ್ಕಡಿ ಇಲ್ಲ. ಮದ್ದು ಸುರಿದು, ತೆಂಗಿನ ನಾರು ಇಟ್ಟು, ಗಜದಿಂದ (ಮದ್ದು ಜಡಿಯುವ ಉದ್ದ ಕೋಲು) ಜಡಿದು, ಚರೆ ಹಾಕಿ, ಮತ್ತೆ ನಾರು ಇಟ್ಟು ಜಡಿಯುವುದು. ಗಜದ ಮೇಲೆ ಚಾಕುವಿನಿಂದ ಎರಡು ಗೆರೆ ಕೊರೆದಿದ್ದರು. ಒಂದು ಖಾಲಿ ನಳಿಗೆಯದು, ಇನ್ನೊಂದು ತುಂಬಿದ ನಳಿಗೆಯದು. ಗೆರೆ ಮೂತಿಗೆ ಸಮ ಬರದೆ ಕೇಪು ಇಡಬಾರದು. ಮನೆಯಲ್ಲಿ ಇದು ಕಾನೂನು.

ಯಾಕೆಂದು ಕೇಳಿದರೆ ಹಿತ್ತಿಲ ಅಟ್ಟದಲ್ಲಿದ್ದ ಹಳೆಯ ನಳಿಗೆ ತೋರಿಸುತ್ತಿದ್ದರು. ನಡುವೆ ಹಾವು ಇಲಿ ನುಂಗಿದ ಹಾಗೆ ಉಬ್ಬಿತ್ತು. ಗುಂಡು ಮದ್ದಿನ ಮೇಲೆ ಸರಿಯಾಗಿ ಕೂರದೆ ಅರ್ಧದಲ್ಲಿ ನಿಂತಿತ್ತು, ಯಾರೋ ನೋಡದೆ ಹೊಡೆದರು. ಹೊಡೆದವರ ಪುಣ್ಯ, ಉಬ್ಬಿತು ಅಷ್ಟೆ, ಸಿಡಿಯಲಿಲ್ಲ.

ನಿಮ್ಮ ತಮ್ಮನ ಗಜದ ಮೇಲೆ ಗೆರೆ ಇದೆಯಾ? ಗುಂಪಿನ ಮಾತು ಆಮೇಲೆ.

ಡೊಂಬಿವಲಿ ಫಾಸ್ಟ್ · ಭಾನುವಾರ, ಮಧ್ಯಾಹ್ನ 1:31

ಒಂದು ನಿಮಿಷ. 100 ಗಜ ದೂರಕ್ಕೆ ಹೊಡೆಯುವ ಕೋವಿಗೆ ಒಂದು ಗಜದಿಂದ ಜಡಿಯುವುದು. ಸಂಸ್ಕೃತ ಮೇಷ್ಟ್ರಿಗೆ ತೋರಿಸಿದರೆ ಆನೆ ಎಲ್ಲಿದೆ ಅಂತ ಕೇಳುತ್ತಾರೆ.

ಕೋಥ್ರೂಡ್ ಲೆಕ್ಕಿಗ · ಭಾನುವಾರ, ಮಧ್ಯಾಹ್ನ 2:02

ಗೆರೆ ಇರಲಿಲ್ಲ. ಈಗ ಹಾಕಿಸಿದೆ. ಹಾಕುವಾಗ ಗೊತ್ತಾದದ್ದು ಇದು: ಒರೆಸದೆ ಹೊಡೆದರೆ ನಾಲ್ಕನೇ ಗುಂಡಿಗೆ ದೊನ್ನೆ ಒಂದು ಕಡೆ ಬಿಗಿಯಾಗಿ ನಿಲ್ಲುತ್ತದಂತೆ. ಮದ್ದು ಇರುವ ಜಾಗದ ಸ್ವಲ್ಪ ಮೇಲೆ ಗಟ್ಟಿ ಉಂಗುರದ ಹಾಗೆ ಕೊಳೆ ಕಟ್ಟಿರುತ್ತದೆ. ಅದನ್ನು ದಾಟಿಸಲು ಗಜದ ಮೇಲೆ ಮೈಭಾರ ಹಾಕಬೇಕು.

ಬಾಲೇವಾಡಿ ಬೆಂಚು · ಭಾನುವಾರ, ಸಂಜೆ 6:45

ಅಲ್ಲೇ ಇದೆ ನೋಡಿ. ಒಂದು ಗುಂಡು ಹಗುರವಾಗಿ ಕೂತಿದೆ, ಇನ್ನೊಂದು ಮದ್ದನ್ನು ಪುಡಿ ಮಾಡಿಕೊಂಡು ಕೂತಿದೆ. ಎರಡಕ್ಕೂ ಒತ್ತಡ ಒಂದೇ ಬರಲು ಹೇಗೆ ಸಾಧ್ಯ? ಪ್ರತಿ ಸಲ ಒಂದೇ ಬಲದಲ್ಲಿ ಕೂರಿಸಬೇಕು. ಅದಕ್ಕೆ ನಳಿಗೆ ಪ್ರತಿ ಸಲ ಒಂದೇ ಸ್ಥಿತಿಯಲ್ಲಿರಬೇಕು. ಪೂರ್ತಿ ಚೊಕ್ಕಟವೇ ಆಗಬೇಕೆಂದಿಲ್ಲ, ಒಂದೇ ತರಹ ಇದ್ದರೆ ಸಾಕು.

ಒರೆಸುವುದರಲ್ಲೂ ಒಂದು ಎಚ್ಚರ. ಬಟ್ಟೆ ತೊಪ್ಪೆಯಾಗಿದ್ದರೆ ನೀರು ಕೆಳಗೆ ಇಳಿದು ಪ್ರೈಮರ್‌ನ ಕಿಂಡಿಯಲ್ಲಿ ಕೂರುತ್ತದೆ. ಮುಂದಿನ ಮದ್ದಿನ ತಳ ತೇವವಾಗುತ್ತದೆ. ಹೊತ್ತಿಕೊಳ್ಳುವುದು ತಡವಾಗುತ್ತದೆ, ಒಮ್ಮೊಮ್ಮೆ ಹೊತ್ತಿಕೊಳ್ಳುವುದೇ ಇಲ್ಲ. ಸುಮ್ನೆ ತೇವ ಇರುವ ಒಂದು ಬಟ್ಟೆ, ಮೇಲೆ ಒಣಗಿದ್ದು ಒಂದೋ ಎರಡೋ. ಅಷ್ಟೇ ಸಾಕು. ನಳಿಗೆ ಬಿಸಿಯಾದರೆ ಪ್ಲಾಸ್ಟಿಕ್ ದೊನ್ನೆ ಮೆತ್ತಗಾಗುತ್ತದೆ, ಹಾಗಾಗಿ ನಡುವೆ ಕಾಯಬೇಕು. ಹತ್ತು ನಿಮಿಷ ಅಂದರೆ ಹತ್ತು ನಿಮಿಷ. ಗಡಿಯಾರ ನೋಡಿ.

ಚಿಂಚವಡ ಗೇಜ್ · ಭಾನುವಾರ, ರಾತ್ರಿ 9:12

ಒಂದು ಸಂಶಯ. "100 ಗ್ರೇನ್" ಅನ್ನುತ್ತೀರಿ. ಗ್ರೇನ್ ತೂಕದ ಅಳತೆ, 7,000 ಗ್ರೇನಿಗೆ ಒಂದು ಪೌಂಡ್. ಆದರೆ ಮಡಿಕೇರಿಯವರ ಬಿದಿರಿನ ತುಂಡು ಅಳೆಯುವುದು ತೂಕವನ್ನಲ್ಲ, ಜಾಗವನ್ನು. ನಿಮ್ಮ ತಮ್ಮ ತೂಗುತ್ತಾನೋ, ಅಳೆದು ಸುರಿಯುತ್ತಾನೋ?

ಕೋಥ್ರೂಡ್ ಲೆಕ್ಕಿಗ · ಭಾನುವಾರ, ರಾತ್ರಿ 9:30

ಅಳೆದು ಸುರಿಯುತ್ತಾನೆ. ಹಿತ್ತಾಳೆ ಅಳತೆಗೊಳವೆ ಇದೆ.

ಇದು ನನಗೂ ಮೊದಲು ತಲೆ ತಿಂದ ವಿಷಯ. ಹಳೆಯ ಕರಿಮದ್ದು ಅಂದರೆ 75 ಭಾಗ ಪೆಟ್ಲುಪ್ಪು, 15 ಭಾಗ ಇದ್ದಿಲು, 10 ಭಾಗ ಗಂಧಕ. ಅಳತೆಗೊಳವೆಯ ಮೇಲಿನ ಗೆರೆಗಳು ಅದರ ತೂಕಕ್ಕೆ ಹೊಂದಿಸಿದ್ದು. ಬದಲಿ ಮದ್ದುಗಳು ಅದಕ್ಕಿಂತ ಹಗುರ. ಅದೇ ಗೊಳವೆಯಲ್ಲಿ 100ರ ಗೆರೆವರೆಗೆ ತುಂಬಿದರೂ ತಕ್ಕಡಿಯಲ್ಲಿ 100 ಬರುವುದಿಲ್ಲ. ಬ್ಲ್ಯಾಕ್‌ಹಾರ್ನ್ 209 ಅನ್ನುವ ಮದ್ದಿನಲ್ಲಿ ಗೊಳವೆಯ 100 ಅಂದರೆ ತಕ್ಕಡಿಯ 70 ಮಾತ್ರ. ಅದಕ್ಕೆ ತಯಾರಕರು ಹೇಳುವ ಗರಿಷ್ಠ ಮಿತಿ ಗೊಳವೆಯ 120, ಅಂದರೆ ತೂಕದ 84. ಇದು ಗೊತ್ತಿಲ್ಲದೆ ಯಾರಾದರೂ ತಕ್ಕಡಿಯಲ್ಲಿ 100 ತೂಗಿ ಹಾಕಿದರೆ ಮಿತಿ ದಾಟಿ ಎಷ್ಟೋ ಮುಂದೆ ಹೋಗಿರುತ್ತಾರೆ.

ಮಡಿಕೇರಿಯಿಂದ ಮಡಗಾಂವ್ · ಭಾನುವಾರ, ರಾತ್ರಿ 9:44

ಈಗಿನ ಕಾಡತೂಸಿನ ಹೊಗೆಯಿಲ್ಲದ ಮದ್ದನ್ನು ಕರಿಮದ್ದಿನ ಕೋವಿಗೆ ಹಾಕಿ ಕೈ ಕಳೆದುಕೊಂಡವರ ಕಥೆ ನಮ್ಮಲ್ಲೂ ಕೇಳಿದ್ದೇನೆ. ಅಳತೆ ತಪ್ಪುವುದು ಒಂದು ಬಗೆ. ಮದ್ದೇ ತಪ್ಪುವುದು ಇನ್ನೊಂದು ಬಗೆ.

ಚಿಂಚವಡ ಗೇಜ್ · ಭಾನುವಾರ, ರಾತ್ರಿ 9:50

ಸರಿ. ಹಾಗಾದರೆ ಗೊಳವೆಯಲ್ಲಿ ಹತ್ತು ಸಲ ಅಳೆದು, ಆ ಹತ್ತನ್ನೂ ತೂಗಿ ನೋಡಲಿ. ಗೊಳವೆ ತಟ್ಟಿ ತುಂಬಿದರೆ ಒಂದು ತೂಕ, ತಟ್ಟದೆ ತುಂಬಿದರೆ ಇನ್ನೊಂದು ತೂಕ. ಅಕ್ಕಿ ಪಾವಿನಲ್ಲಿ ನೋಡಿಲ್ವಾ, ಅದೇ. ಪ್ರತಿ ಸಲ ಒಂದೇ ರೀತಿ ಸುರಿದು, ಅಷ್ಟೇ ಸಲ ತಟ್ಟಿ, ಮೇಲೆ ಒರೆಸಿದರೆ ಸಾಕು.

ಪಣಜಿ ಹಳೇಪೇಪರ್ · ಸೋಮವಾರ, ಬೆಳಿಗ್ಗೆ 11:20

ತಡವಾಗಿ ಬಂದೆ. ಕೋವಿ ಅಂದ ಮೇಲೆ ಗೋವಾದವರು ಬಾಯಿ ಬಿಡದಿದ್ದರೆ ಹೇಗೆ? 1510ರಲ್ಲಿ ಗೋವಾ ಹಿಡಿದ ಅಲ್ಬುಕರ್ಕ್, ಇಲ್ಲಿನ ಕೋವಿ ಕಮ್ಮಾರರ ಕೆಲಸವನ್ನು ಹೊಗಳಿ ತನ್ನ ರಾಜನಿಗೆ ಬರೆದಿದ್ದ. ಹಳೇ ಗೋವಾ ಕಡೆ ಹೋಗುವಾಗ ಪಣೆಲಿಯಲ್ಲಿ ಪೋರ್ಚುಗೀಸರ ಮದ್ದಿನ ಕಾರ್ಖಾನೆ ಇತ್ತು. ಈಗ ಉಳಿದಿರುವುದು ಬಾಗಿಲು ಮಾತ್ರ. ಬೈಕ್‌ನಲ್ಲಿ ಹೋದರೆ ಕಣ್ಣು ತಪ್ಪಿಹೋಗುತ್ತದೆ.

ನನ್ನ ಮಾತು ತಿರುಪಿನ ಬಗ್ಗೆ. ಹಳೆಯ ಉಂಡೆ ಗುಂಡಿಗೆ ಬಟ್ಟೆ ಸುತ್ತಿ ಹೊಡೆಯುವ ನಳಿಗೆಯಲ್ಲಿ ತಿರುಪು ನಿಧಾನ, 66 ಇಂಚಿಗೆ ಒಂದು ಸುತ್ತು ಆದರೂ ನಡೆಯುತ್ತದೆ. ಉಂಡೆಗೆ ತಲೆ ಬಾಲ ಇಲ್ಲವಲ್ಲ. ಗುಂಡು ಉದ್ದವಾದಷ್ಟೂ ಅದು ಗಾಳಿಯಲ್ಲಿ ಮಗುಚುತ್ತದೆ, ಬುಗುರಿಯ ಹಾಗೆ ಜೋರಾಗಿ ತಿರುಗಿಸಬೇಕು. 1879ರಲ್ಲಿ ಗ್ರೀನ್‌ಹಿಲ್ ಎಂಬ ಗಣಿತಜ್ಞ ಇದಕ್ಕೆ ಒಂದು ಸೂತ್ರ ಕೊಟ್ಟ. ಗುಂಡಿನ ಅಡ್ಡಳತೆಯ ವರ್ಗವನ್ನು 150ರಿಂದ ಗುಣಿಸಿ, ಗುಂಡಿನ ಉದ್ದದಿಂದ ಭಾಗಿಸಿದರೆ ತಿರುಪಿನ ಇಂಚು ಬರುತ್ತದೆ.

ಅದಕ್ಕೂ ಮೊದಲೇ ವಿಟ್‌ವರ್ತ್ ಎಂಬ ಇಂಗ್ಲೆಂಡಿನ ಎಂಜಿನಿಯರ್ ಇದನ್ನು ಮಾಡಿ ತೋರಿಸಿದ್ದ. 1853ರ ಎನ್‌ಫೀಲ್ಡ್ ಕೋವಿಯಲ್ಲಿ 78 ಇಂಚಿಗೆ ಒಂದು ಸುತ್ತು. ಇವನ ಆರು ಮೂಲೆಯ ನಳಿಗೆಯಲ್ಲಿ 20 ಇಂಚಿಗೇ ಒಂದು ಸುತ್ತು. 1860ರಲ್ಲಿ ವಿಂಬಲ್ಡನ್‌ನಲ್ಲಿ ವಿಕ್ಟೋರಿಯಾ ರಾಣಿಯೇ ಈ ರೈಫಲ್‌ನಿಂದ ಮೊದಲ ಗುಂಡು ಹಾರಿಸಿದಳು. 400 ಗಜ ದೂರ, ಗುಂಡು ನಟ್ಟ ನಡುವಿನ ಹತ್ತಿರವೇ ಬಿತ್ತು. ಆದರೆ ರಾಣಿ ಹಿಡಿದು ಗುರಿ ಇಟ್ಟದ್ದಲ್ಲ. ರೈಫಲನ್ನು ಮೊದಲೇ ಗುರಿಗೆ ಹೊಂದಿಸಿ ಕಬ್ಬಿಣದ ಚೌಕಟ್ಟಿಗೆ ಬಿಗಿದಿದ್ದರು. ರಾಣಿ ರೇಷ್ಮೆ ದಾರ ಎಳೆದದ್ದು ಅಷ್ಟೇ. ಬೆಂಚು ಅವರ ಇಕ್ಕಳ ಹೊಸದೇನಲ್ಲ!

ಡೊಂಬಿವಲಿ ಫಾಸ್ಟ್ · ಸೋಮವಾರ, ಬೆಳಿಗ್ಗೆ 11:34

ಲೆಕ್ಕಿಗರೇ, ತಮ್ಮನಿಗೆ ರೇಷ್ಮೆ ದಾರ ಕಳಿಸಿ. ಪೈಠಣಿ ಸೀರೆಯಿಂದ ಎಳೆದರೂ ಆಯಿತು.

ಮಡಿಕೇರಿಯಿಂದ ಮಡಗಾಂವ್ · ಸೋಮವಾರ, ರಾತ್ರಿ 8:50

ಎಲ್ಲ ಓದಿದೆ. ಮೂರು ಗುಂಡು, ಐದು ಗುಂಡು, ಹತ್ತು ಗುಂಡು. ನನ್ನದೊಂದು ಹಳ್ಳಿ ಪ್ರಶ್ನೆ. ಜಿಂಕೆ ಎದುರು ನಿಂತಾಗ ನಿಮ್ಮ ತಮ್ಮ ಎಷ್ಟು ಈಡು ಹೊಡೆಯುತ್ತಾನೆ?

ಕೋಥ್ರೂಡ್ ಲೆಕ್ಕಿಗ · ಸೋಮವಾರ, ರಾತ್ರಿ 8:58

ಒಂದು.

ಮಡಿಕೇರಿಯಿಂದ ಮಡಗಾಂವ್ · ಸೋಮವಾರ, ರಾತ್ರಿ 9:06

ಮತ್ತೆ ಹತ್ತು ಗುಂಡಿನ ಗುಂಪು ಯಾಕೆ? ಅಜ್ಜನಿಗೆ ಎರಡನೇ ಈಡು ಅನ್ನುವುದೇ ಇರಲಿಲ್ಲ. ಮತ್ತೆ ತುಂಬುವಷ್ಟರಲ್ಲಿ ಹಂದಿ ಪಕ್ಕದ ತೋಟದ ಕಾಫಿ ದಾಟಿರುತ್ತಿತ್ತು. ಅವರು ಗುರಿ ನೋಡುತ್ತಿದ್ದದ್ದು ಹೀಗೆ. ಬೆಳಿಗ್ಗೆ ಎದ್ದು ಒರೆಸಿ ಒಣಗಿಸಿದ ಕೋವಿಗೆ ಮದ್ದು ತುಂಬಿ ಒಂದೇ ಈಡು, ಗೇರುಮರದ ಹಲಗೆಗೆ. ತೂತಿನ ಸುತ್ತ ಸೀಮೆಸುಣ್ಣದಿಂದ ದುಂಡಗೆ ಗುರುತು ಹಾಕುತ್ತಿದ್ದರು. ಆ ದಿನಕ್ಕೆ ಮುಗಿಯಿತು. ಮರುದಿನ ಮತ್ತೆ ಒಂದು. ತಿಂಗಳು ಕಳೆದ ಮೇಲೆ ಹಲಗೆ ನೋಡಿದರೆ ಕೋವಿಯ ಬುದ್ಧಿ ಗೊತ್ತಾಗುತ್ತಿತ್ತು.

ಚಿಂಚವಡ ಗೇಜ್ · ಸೋಮವಾರ, ರಾತ್ರಿ 9:21

ನಾನು ಎರಡು ದಿನದಿಂದ ಅಂಕಿ ಹೇಳುತ್ತಿದ್ದೇನೆ, ಮೂಲ ಪ್ರಶ್ನೆ ಕೇಳಿದ್ದು ಇವರು. ಹತ್ತನೇ ಗುಂಡು ಎಲ್ಲಿ ಹೋಯಿತು ಅನ್ನುವುದು ಜಿಂಕೆಗೆ ಸಂಬಂಧವೇ ಇಲ್ಲ. ಚೊಕ್ಕ, ತಣ್ಣನೆಯ ನಳಿಗೆಯ ಮೊದಲ ಗುಂಡು ಎಲ್ಲಿ ಹೋಗುತ್ತದೆ, ಪ್ರತಿ ಬೆಳಿಗ್ಗೆ ಅಲ್ಲಿಗೇ ಹೋಗುತ್ತದೆಯೇ, ಅದನ್ನು ಅಳೆಯಬೇಕು.

ಹಾಗೆಂದು ಹತ್ತು ಗುಂಡಿನದು ವ್ಯರ್ಥ ಅಲ್ಲ. ಮದ್ದಿನ ಅಳತೆ, ಒರೆಸುವುದು ಇವುಗಳ ಹೋಲಿಕೆಗೆ ಅದು ಬೇಕು. ಪಂದ್ಯದವರಿಗೂ ಬೇಕು.

ಪಣಜಿ ಹಳೇಪೇಪರ್ · ಸೋಮವಾರ, ರಾತ್ರಿ 9:40

ಪಂದ್ಯ ಅಂದಿರಲ್ಲ, ಮೂತಿಯಿಂದ ತುಂಬುವ ಕೋವಿಗಳಿಗೇ ವಿಶ್ವ ಚಾಂಪಿಯನ್‌ಷಿಪ್ ಇದೆ. ಎಂಎಲ್‌ಎಐಸಿ ಅನ್ನುವ ಸಂಸ್ಥೆ ನಡೆಸುತ್ತದೆ. ಅಲ್ಲಿ ಹಳೆಯ ಮಾದರಿ ಕೋವಿ, ಕರಿಮದ್ದು ಮಾತ್ರ. 30 ನಿಮಿಷದಲ್ಲಿ 13 ಗುಂಡು, ಅದರಲ್ಲಿ ಒಳ್ಳೆಯ ಹತ್ತು ಲೆಕ್ಕಕ್ಕೆ. ಮೂರು ಕೆಟ್ಟ ಗುಂಡಿಗೆ ಮಾಫಿ. ಕಾಡಿನಲ್ಲಿ ಆ ಮಾಫಿ ಇಲ್ಲ.

ಬಾಲೇವಾಡಿ ಬೆಂಚು · ಸೋಮವಾರ, ರಾತ್ರಿ 10:15

ಹಾಗಾದರೆ ಕೆಲಸ ಹೀಗೆ ಹಂಚಿ. ಮೊದಲು ಮದ್ದು 90ರಲ್ಲೇ ಇರಲಿ. ಒರೆಸಿ ಹತ್ತು, ಒರೆಸದೆ ಹತ್ತು. ಒಂದೇ ದಿನ ಇಪ್ಪತ್ತೂ ಬೇಡ, ಎರಡು ದಿನಕ್ಕೆ ಐದೈದು. ಭುಜ ದಣಿದರೆ ಗುಂಡಿಗೂ ಮೊದಲೇ ಕಣ್ಣು ಮುಚ್ಚುತ್ತದೆ, ನಾನು ಕಂಡಿದ್ದೇನೆ. ಒರೆಸದೆ ಹೊಡೆಯುವಾಗ ಗಜದ ಗೆರೆ ಮೂತಿಗೆ ಬರದಿದ್ದರೆ ಅಲ್ಲಿಗೇ ನಿಲ್ಲಿಸಬೇಕು, ಹೊಡೆಯಬಾರದು.

ಆಮೇಲೆ, ಯಾವುದು ಗೆಲ್ಲುತ್ತದೋ ಆ ಪದ್ಧತಿಯಲ್ಲಿ 80 ಮತ್ತು 100. ಇಲ್ಲಿ ಒಂದು ಉಪಾಯ. ಮದ್ದನ್ನು ಬೇರೆ ಯಾರಾದರೂ ಅಳೆದು ಸಣ್ಣ ಮುಚ್ಚಳದ ಕೊಳವೆಯಲ್ಲಿ ಹಾಕಿ, ಮೇಲೆ ಕೆಂಪು, ನೀಲಿ ಸ್ಟಿಕ್ಕರ್ ಅಂಟಿಸಲಿ. ಒಂದು ಕೊಳವೆಯಲ್ಲಿ ಒಂದೇ ಗುಂಡಿನ ಮದ್ದು. ಎರಡು ಸಲ ಸುರಿಯುವ ಅಪಾಯವೂ ತಪ್ಪುತ್ತದೆ. ಯಾವ ಬಣ್ಣ ಯಾವ ಅಳತೆ ಅಂತ ತಮ್ಮನಿಗೆ ಗೊತ್ತಿರಬಾರದು. ಗೊತ್ತಿದ್ದರೆ ಮನಸ್ಸು ಗೆಲ್ಲಿಸಿಬಿಡುತ್ತದೆ.

ಕೊನೆಗೆ ಅಜ್ಜನ ಹಲಗೆ.

ಮಾಟುಂಗಾ ಫಿಲ್ಟರ್ · ಮಂಗಳವಾರ, ಬೆಳಿಗ್ಗೆ 7:55

ಕೋವಿ ಬೇಡ ಅಂದವನು ನಾನೇ. ಈಗ ಉತ್ತರ ತಿಳಿಯದೆ ನಿದ್ದೆ ಬರುವುದಿಲ್ಲ. ಫಲಿತಾಂಶ ಬಂದಾಗ ನನ್ನನ್ನೂ ಟ್ಯಾಗ್ ಮಾಡಿ.

ಓಹಾಯೋ ತಮ್ಮ · ಐದು ವಾರದ ನಂತರ, ಭಾನುವಾರ

ನಮಸ್ಕಾರ. "ಕೆಟ್ಟನಾ" ಅಂತ ನೀವು ಚರ್ಚೆ ಮಾಡಿದ ತಮ್ಮ ನಾನೇ. ಅಣ್ಣ ಬರೆದದ್ದೆಲ್ಲ ಈಗ ಓದಿದೆ. ಅವನಿಗೆ ಅಂಕಿ ಕೊಟ್ಟರೆ ಮತ್ತೆ ಗ್ರಾಫ್ ಹಾಕುತ್ತಾನೆ, ಅದಕ್ಕೆ ನಾನೇ ಬರೆಯುತ್ತೇನೆ.

ಒರೆಸಿ ಹತ್ತು: 2.8 ಇಂಚು. ಒರೆಸದೆ ಹತ್ತು ಆಗಲೇ ಇಲ್ಲ. ಎರಡು ದಿನವೂ ನಾಲ್ಕನೆಯದಕ್ಕೇ ಗೆರೆ ಬರಲಿಲ್ಲ, ನಿಲ್ಲಿಸಿದೆ. ಮೂರು ಮತ್ತು ಮೂರು, ಒಟ್ಟು ಆರು ಗುಂಡಿಗೇ 4.1. ಆರೇ ಗುಂಡು, ಆದರೂ ದೊಡ್ಡದು. ಅಲ್ಲಿಗೆ ಆ ವಾದ ಮುಗಿಯಿತು.

ಮದ್ದಿನ ಪರೀಕ್ಷೆಗೆ ಕೊಳವೆ ತುಂಬಿದ್ದು ನನ್ನ ಹೆಂಡತಿ. ಕೆಂಪು ಹತ್ತು 2.9, ನೀಲಿ ಹತ್ತು 3.1. ಹೊಡೆಯುವಾಗ ನೀಲಿಯೇ ಜೋರಾಗಿ ಒದೆಯುತ್ತಿತ್ತು, ಅದು 100 ಅಂತ ಐದನೇ ಗುಂಡಿಗೇ ಗೊತ್ತಾಯಿತು. ಗುಟ್ಟು ಉಳಿಯಲಿಲ್ಲ. ಆದರೂ ಎರಡರ ನಡುವೆ ಹೇಳಿಕೊಳ್ಳುವ ವ್ಯತ್ಯಾಸ ಇಲ್ಲ. ಅಣ್ಣನ 1.1 ಇಂಚಿನ 100 ಗ್ರೇನ್, ದೇವರು ಕೊಟ್ಟ ಮೂರು ಚುಕ್ಕೆ ಅಷ್ಟೆ. ನಾನು 80ಕ್ಕೆ ಇಳಿದಿದ್ದೇನೆ. ನಾನು ಹೊಡೆಯುವ ದೂರ 100 ಗಜದ ಒಳಗೆ, ಅದಕ್ಕೆ ಇದು ಸಾಕು. ಭುಜಕ್ಕೂ ಸುಖ.

ಈಗ ಅಜ್ಜನ ಹಲಗೆ. ಎಂಟು ಬೆಳಿಗ್ಗೆ, ಎಂಟು ಮೊದಲ ಗುಂಡು, ಒಂದೇ ಹಾಳೆ. ಎಂಟರ ಗುಂಪು 2.7. ಆದರೆ ಇಡೀ ಗುಂಪು ಗುರಿಯಿಂದ ಎರಡು ಇಂಚು ಮೇಲೆ ಕೂತಿತ್ತು! ರೇಂಜ್‌ನಲ್ಲಿ ಎರಡನೇ ಗುಂಡಿನಿಂದ ಆಚೆಯವು ಸರಿಯಾಗಿ ನಡುವೆ ಬೀಳುತ್ತಿದ್ದವು. ನಾನು ಟೆಲಿಸ್ಕೋಪ್ ಹೊಂದಿಸಿದ್ದು ಆ ಗುಂಡುಗಳಿಗೆ. ಕಾಡಿಗೆ ಒಯ್ಯುವುದು ಮಾತ್ರ ಚೊಕ್ಕ ನಳಿಗೆ. ಇಷ್ಟು ವರ್ಷ ಇದು ನನಗೆ ಗೊತ್ತೇ ಇರಲಿಲ್ಲ.

ಬಾಲೇವಾಡಿ ಬೆಂಚು · ಭಾನುವಾರ

ರಾತ್ರಿ ಹಚ್ಚಿಟ್ಟ ಎಣ್ಣೆ ಪೂರ್ತಿ ಒರೆಸಿದ್ದಿರಾ?

ಓಹಾಯೋ ತಮ್ಮ · ಭಾನುವಾರ

ಹೌದು. ಒಣ ಬಟ್ಟೆ ಎರಡು ಸಲ, ಆಮೇಲೆ ಮದ್ದಿಲ್ಲದೆ ಬರೀ ಪ್ರೈಮರ್ ಒಂದು ಹೊಡೆದು ಕಿಂಡಿ ಒಣಗಿಸುತ್ತೇನೆ. ಪ್ರತಿ ದಿನ ಅದೇ ಕ್ರಮ. ಈಗ ಟೆಲಿಸ್ಕೋಪನ್ನು ಮೊದಲ ಗುಂಡಿಗೇ ಹೊಂದಿಸಿದ್ದೇನೆ. ಸಂಜೆ ಸಾಬೂನು, ಬಿಸಿನೀರು, ಎಣ್ಣೆ. ಒಂದು ರಾತ್ರಿ ಬಿಟ್ಟರೂ ತುಕ್ಕು.

ಮಡಿಕೇರಿಯಿಂದ ಮಡಗಾಂವ್ · ಭಾನುವಾರ

ನಮ್ಮ ಮಳೆಗಾಲದಲ್ಲಿ ರಾತ್ರಿಯವರೆಗೂ ಕಾಯುವುದಿಲ್ಲ, ಊಟಕ್ಕೆ ಕೂತು ಏಳುವಷ್ಟರಲ್ಲಿ ಕೆಂಪಾಗಿರುತ್ತದೆ. ಎಂಟು ಬೆಳಿಗ್ಗೆ ಅಂದಿರಿ. ಅಣ್ಣ ಒಂಬತ್ತು ಅಂತ ಹೇಳಿದ ಹಾಗಿತ್ತು?

ಓಹಾಯೋ ತಮ್ಮ · ಭಾನುವಾರ

ಒಂಬತ್ತನೆಯದರ ವಿಷಯ ಎತ್ತಬಾರದಿತ್ತು.

ಒಂಬತ್ತನೇ ಬೆಳಿಗ್ಗೆ ಎಲ್ಲ ಕ್ರಮವಾಗಿ ಮಾಡಿದೆ. ಒರೆಸಿದೆ, ಪ್ರೈಮರ್ ಹೊಡೆದೆ, ದೊನ್ನೆ ಇಟ್ಟೆ, ಗಜದಿಂದ ಕೂರಿಸಿದೆ. ಉಸಿರು ಬಿಟ್ಟು ಕುದುರೆ ಎಳೆದೆ. ಟಪ್ ಅಂತ ಸಣ್ಣ ಸದ್ದು. ಅಷ್ಟೇ. ಒಂದು ನಿಮಿಷ ಮೂತಿ ಗುರಿಯ ಕಡೆಯೇ ಹಿಡಿದು ಕಾದೆ. ಏನೂ ಆಗಲಿಲ್ಲ. ಮೇಜಿನ ಮೇಲೆ ನೋಡಿದರೆ ಮದ್ದಿನ ಕೊಳವೆ ತುಂಬಿಯೇ ಇದೆ, ಮುಚ್ಚಳ ಕೂಡ ತೆಗೆದಿಲ್ಲ. ಗೆರೆ ನೋಡಿದ್ದರೆ ಗೊತ್ತಾಗುತ್ತಿತ್ತು, ಗಜ ಆಳಕ್ಕೆ ಇಳಿದಿತ್ತು. ಅವತ್ತೇ ನೋಡಿಲ್ಲ. ಆಮೇಲೆ ಹಿಂದಿನ ಬಿರಡೆ ಬಿಚ್ಚಿ ಗುಂಡನ್ನು ಗಜದಿಂದ ತಳ್ಳಿ ತೆಗೆದೆ.

ಚಿಂಚವಡ ಗೇಜ್ · ಭಾನುವಾರ

ಅದನ್ನೂ ಹಾಳೆಗೆ ಸೇರಿಸಬೇಕು. ಒಂಬತ್ತರಲ್ಲಿ ಒಂದು. ಬಿಟ್ಟರೆ ಲೆಕ್ಕ ಸುಳ್ಳಾಗುತ್ತದೆ.

ಕೋಥ್ರೂಡ್ ಲೆಕ್ಕಿಗ · ಭಾನುವಾರ

ಸೇರಿಸಲು ಕೂತಿದ್ದೇನೆ. ಆದರೆ ಯಾವ ಅಂಕಣಕ್ಕೆ ಹಾಕಲಿ? ಮದ್ದು 0 ಗ್ರೇನ್, ಗುಂಪು 0 ಇಂಚು ಅಂತ ಹಾಕಿದರೆ ಎಕ್ಸೆಲ್ ಅದನ್ನೇ ಅತ್ಯುತ್ತಮ ಅಂತ ಹಸಿರು ಬಣ್ಣ ಹಚ್ಚುತ್ತಿದೆ.

ಡೊಂಬಿವಲಿ ಫಾಸ್ಟ್ · ಭಾನುವಾರ

ಹಚ್ಚಲಿ ಬಿಡಿ. ಜಿಂಕೆಯೂ ಅದಕ್ಕೇ ವೋಟ್ ಹಾಕುತ್ತದೆ.